ಬಾಗಿಲು ತೆಗೆದ ಕೂಡಲೇ ನಾಯಿ ಓಡುತ್ತೆ, ಏನು ಮಾಡೋದು?

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ನಮ್ಮದು ನೆಲಮಹಡಿ ಮನೆ. ಬೀದಿಯಿಂದ ತಂದು ಸಾಕಿದ ಎರಡು ವರ್ಷದ ನಾಯಿ ಇದೆ. ಪಾರ್ಸೆಲ್ ಹುಡುಗ ಬಂದ ಅಂತ ಬಾಗಿಲು ತೆಗೆದರೆ ಸಾಕು, ಕಾಲ ಸಂದಿಯಲ್ಲಿ ನುಸುಳಿ ರಸ್ತೆಗೆ ಓಡುತ್ತೆ. ಬೈದಿದ್ದಾಯ್ತು, ಎರಡು ಏಟು ಕೊಟ್ಟಿದ್ದೂ ಆಯ್ತು. ಇದನ್ನು ಬಿಡಿಸೋದು ಹೇಗೆ?

ಉತ್ತರ: ಮೊದಲು ಏಟು ನಿಲ್ಲಿಸಿ, ಇವತ್ತೇ. ಓಡಿ ಸುತ್ತಾಡಿ ವಾಪಸ್ ಬಂದಾಗ ಹೊಡೆದರೆ, ವಾಪಸ್ ಬಂದಿದ್ದಕ್ಕೇ ಹೊಡೆದರು ಅಂತ ನಾಯಿ ತಿಳಿಯುತ್ತೆ. ಮುಂದಿನ ಸಲ ಕೈಗೇ ಸಿಗೋದಿಲ್ಲ.

ಮನೆ ಬೇಡ ಅಂತ ಅದು ಓಡ್ತಾ ಇಲ್ಲ. ಹೊರಗೆ ಕಂಬದ ವಾಸನೆ, ಬೇರೆ ನಾಯಿಗಳು, ಮೂಲೆಯ ಕೋಳಿ ಅಂಗಡಿ. ಓಡೋದೇ ಅದಕ್ಕೆ ಹಬ್ಬ. ತಪ್ಪಿಸಿಕೊಂಡ ಒಂದೊಂದು ಸಲವೂ ಬಹುಮಾನ ಸಿಕ್ಕ ಹಾಗೆ. ಆದ್ದರಿಂದ ಪಾಠ ಕಲಿಯುವ ತನಕ ತಪ್ಪಿಸಿಕೊಳ್ಳೋಕೆ ಅವಕಾಶವನ್ನೇ ಕೊಡಬಾರದು. ಬಾಗಿಲಿನ ಮುಂದೆ ಗ್ರಿಲ್ ಇದ್ದರೆ ಅರ್ಧ ಕೆಲಸ ಆದ ಹಾಗೆ. ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗೆಯಿರಿ. ಫ್ಲ್ಯಾಟ್‌ನವರು ಮಕ್ಕಳಿಗೆ ಹಾಕುವ ಅಡ್ಡ ಗೇಟನ್ನು ಹಾಲ್‌ಗೆ ಹಾಕಬಹುದು, ನಾಯಿ ಹಾರದಷ್ಟು ಎತ್ತರದ್ದು.

ಇನ್ನು ಪಾಠ. ಯಾರೂ ಬರದ ಹೊತ್ತು ನೋಡಿಕೊಳ್ಳಿ. ಬೆಲ್ಟಿಗೆ ಹಗ್ಗ ಕಟ್ಟಿ ಹಿಡಿದುಕೊಳ್ಳಿ. ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಚಿಕನ್ ಚೂರು ಕೈಯಲ್ಲಿರಲಿ, ಸಸ್ಯಾಹಾರಿಗಳ ಮನೆಯಾದರೆ ಪನೀರ್. ನಾಯಿಯನ್ನು ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ಒಳಗೆ ಕೂರಿಸಿ, ಚಿಲಕಕ್ಕೆ ಕೈ ಹಾಕಿ. ಅಷ್ಟಕ್ಕೇ ಎದ್ದಿತಾ? ಕೈ ತೆಗೆಯಿರಿ. ಮಾತೇ ಬೇಡ. ಕೂತೇ ಇತ್ತಾ? ಕೂತ ಜಾಗಕ್ಕೇ ಹೋಗಿ ಚೂರು ಕೊಡಿ. ಬಾಗಿಲ ಹತ್ತಿರ ಕೊಟ್ಟರೆ ಅದರ ಗಮನ ಮತ್ತೆ ಬಾಗಿಲಿಗೇ ಹೋಗುತ್ತೆ.

ಆಮೇಲೆ ಎರಡು ಬೆರಳಷ್ಟು ತೆಗೆಯಿರಿ, ಆಮೇಲೆ ಒಂದು ಗೇಣು. ನಾಯಿಯನ್ನೇ ನೋಡ್ತಾ ಇರಿ. ಓಡುವ ಮುಂಚೆ ಕಿವಿ ಮುಂದಕ್ಕೆ ಬರುತ್ತೆ, ಬಾಯಿ ಮುಚ್ಚುತ್ತೆ, ಭಾರವೆಲ್ಲ ಮುಂಗಾಲಿಗೆ ಇಳಿಯುತ್ತೆ. ಅದು ಕಂಡ ಕೂಡಲೇ ಬಾಗಿಲು ಮುಚ್ಚಿ, ಆದರೆ ಮೆಲ್ಲಗೆ, ಮೂಗು ಸಿಕ್ಕಿಕೊಳ್ಳದ ಹಾಗೆ. ಪೂರ್ತಿ ತೆಗೆದರೂ ಕೂತಿದ್ದರೆ ನೀವು ಹೊಸ್ತಿಲು ದಾಟಿ ವಾಪಸ್ ಬನ್ನಿ. ಹೊರಗೆ ಕರೆದುಕೊಂಡು ಹೋಗೋಕೆ ಒಂದೇ ಮಾತು ಇಟ್ಟುಕೊಳ್ಳಿ, ‘ಬಾ, ಹೋಗೋಣ’ ಅಂತ. ಆ ಮಾತು ಬಂದರೆ ಮಾತ್ರ ಹೊರಗೆ. ದಿನಕ್ಕೆ ಎರಡು ಸಲ, ಐದೈದು ನಿಮಿಷ ಸಾಕು. ಕೆಲವು ವಾರ ಹಿಡಿಯಬಹುದು. ಇಷ್ಟು ರೂಢಿಯಾದ ಮೇಲೆ ಮನೆಯವರೇ ಹೊರಗೆ ನಿಂತು ಬೆಲ್ ಒತ್ತಲಿ.

ಮನೆಯವರೆಲ್ಲ ಒಂದೇ ರೀತಿ ಮಾಡಬೇಕು. ನೀವು ವಾರಗಟ್ಟಲೆ ಕಲಿಸಿದ್ದು, ಅಜ್ಜಿ ಬಾಗಿಲು ತೆರೆದಿಟ್ಟು ಹೂವಿನವಳ ಜೊತೆ ಮಾತಿಗೆ ನಿಂತರೆ ಹಾಳಾಗುತ್ತೆ. ಅಜ್ಜಿಗೆ ಸಮಾಧಾನವಾಗಿ ತೋರಿಸಿಕೊಡಿ, ಅವರ ಮಾತನ್ನು ನಾಯಿ ಚೆನ್ನಾಗಿಯೇ ಕೇಳುತ್ತೆ.

ಹಾಗೂ ಓಡಿಬಿಟ್ಟರೆ? ಹಿಂದೆ ಓಡಬೇಡಿ. ನಾನು ಆ ತಪ್ಪು ಮಾಡಿದ್ದೇನೆ. ಸಿಲಿಂಡರ್ ಒಳಗೆ ತರುವಾಗ ನಮ್ಮ ರಾಣಿ ಹೊರಗೆ ನುಗ್ಗಿದಳು. ನಾನು ಕೂಗುತ್ತಾ ಓಡಿದಷ್ಟೂ ಅವಳಿಗೆ ಆಟ. ಸೀದಾ ಮೇನ್ ರೋಡಿಗೇ ಹೋದಳು, ಬಸ್ಸು ಬ್ರೇಕ್ ಹಾಕಿದ ಸದ್ದು ಈಗಲೂ ಕಿವಿಯಲ್ಲಿದೆ. ಖುಷಿಯ ದನಿಯಲ್ಲಿ ಹೆಸರು ಕರೆದು, ತಿರುಗಿ ಮನೆ ಕಡೆ ಓಡಿ. ಎಷ್ಟೋ ನಾಯಿಗಳು ಹಿಂದೆಯೇ ಬರುತ್ತವೆ. ಬರದಿದ್ದರೆ ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕೂತು ತಿಂಡಿ ತೋರಿಸಿ. ಬಂದ ಮೇಲೆ ಬೈಗುಳ ಬೇಡ, ಆ ಚೂರು ಕೊಡಿ.

ದೀಪಾವಳಿಯಲ್ಲಿ ಮಾತ್ರ ಈ ಪಾಠ ನಂಬಿಕೊಂಡು ಕೂರಬೇಡಿ. ಪಟಾಕಿಗೆ ಹೆದರಿದ ನಾಯಿಗೆ ಯಾವ ಮಾತೂ ಕೇಳಿಸದು. ಸಂಜೆಯ ವಾಕಿಂಗ್ ಕತ್ತಲಾಗುವ ಮುಂಚೆ, ಚೈನ್ ಹಾಕಿಯೇ ಮುಗಿಸಿ ಒಳಗಿನ ಕೋಣೆಯಲ್ಲಿ ಬಿಡಿ. ಬೆಲ್ಟಿಗೆ ಫೋನ್ ನಂಬರ್ ಕೆತ್ತಿಸಿದ ಬಿಲ್ಲೆ ಯಾವಾಗಲೂ ಇರಲಿ. ಪಶುವೈದ್ಯರ ಹತ್ತಿರ ಮೈಕ್ರೋಚಿಪ್ (ಚರ್ಮದ ಕೆಳಗೆ ಇಡುವ ಪುಟ್ಟ ಗುರುತಿನ ಚಿಪ್) ಹಾಕಿಸಿದರೆ ಬೆಲ್ಟು ಕಳಚಿಬಿದ್ದರೂ ಅದರ 15 ಅಂಕಿಯ ನಂಬರಿನಿಂದ ನಾಯಿ ಯಾರದು ಅಂತ ಹುಡುಕಬಹುದು. ಅದಕ್ಕೆ ನಿಮ್ಮ ಈಗಿನ ಫೋನ್ ನಂಬರನ್ನೇ ನೋಂದಾಯಿಸಿರಬೇಕು, ಅಷ್ಟೇ.