ಮರಿಮಗಳನ್ನು ಹೊತ್ತು ನಿಂತ ಎಡ್ವರ್ಡ್ ಗುಲಾಬಿ

ನರ್ಸರಿಯಿಂದ ತಂದ ಹಳದಿ ಗುಲಾಬಿ ಎರಡು ವರ್ಷ ಚೆನ್ನಾಗಿಯೇ ಹೂ ಬಿಟ್ಟಿತು. ಮೂರನೇ ವರ್ಷ ಬುಡದಿಂದ ಒಂದು ಕೊಂಬೆ ಸರ್ರನೆ ಎದ್ದು ಬಂತು. ಅದರ ತುದಿಯಲ್ಲಿ ಅರಳಿದ್ದು ಕಡು ಗುಲಾಬಿ ಬಣ್ಣದ, ಸಡಿಲ ಎಸಳಿನ ಹೂವು. ಪರಿಮಳ ಮಾತ್ರ ಹಳದಿ ಹೂವಿಗಿಂತ ಎಷ್ಟೋ ಜಾಸ್ತಿ. ಪಕ್ಕದ ಮನೆಯವರು ನೋಡಿ, "ಅದು ಕಾಡು ಚಿಗುರು, ಕಿತ್ತು ಹಾಕಿ. ಬಿಟ್ಟರೆ ಒಳ್ಳೆ ಗಿಡವನ್ನೇ ತಿಂದುಬಿಡುತ್ತೆ" ಅಂದರು. ಅವರ ಸಲಹೆ ಸರಿಯೇ. ಆದರೆ ಆ ಹೂವನ್ನು ಕಾಡು ಅನ್ನಲು ನನಗೆ ಮನಸ್ಸು ಬರಲಿಲ್ಲ. ಅದಕ್ಕೊಂದು ಹೆಸರಿದೆ, ಊರಿದೆ, ಇನ್ನೂರು ವರ್ಷಗಳ ಕಥೆಯಿದೆ.

ನಾವು ಕೊಳ್ಳುವ ಗುಲಾಬಿ ಗಿಡಗಳಲ್ಲಿ ಹೆಚ್ಚಿನವು ಒಂದು ಗಿಡವಲ್ಲ, ಎರಡು. ಮೇಲೆ ಹೂ ಬಿಡುವ ತಳಿ, ಕೆಳಗೆ ಬೇರು ಕೊಡುವ ಇನ್ನೊಂದು ಗುಲಾಬಿ. ಕೆಳಗಿನದಕ್ಕೆ ಬೇರುಸಸಿ ಅನ್ನುತ್ತಾರೆ. ನರ್ಸರಿಯವರು ಮೊದಲು ಅದರ ಕಡ್ಡಿ ಊರಿ ಬೇರು ಬರಿಸುತ್ತಾರೆ. ಕಾಂಡ ಪೆನ್ಸಿಲ್ ದಪ್ಪ ಆದಾಗ ತೊಗಟೆಯಲ್ಲಿ ಇಂಗ್ಲಿಷಿನ 'ಟಿ' ಅಕ್ಷರದಂತೆ ಸೀಳಿ, ಬೇಕಾದ ತಳಿಯ ಒಂದು ಕಣ್ಣನ್ನು, ಅಂದರೆ ಚಿಗುರೊಡೆಯುವ ಮೊಗ್ಗನ್ನು, ಒಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ಕಣ್ಣು ಹಿಡಿದ ಮೇಲೆ ಅದರ ಮೇಲಿನ ಭಾಗವನ್ನೆಲ್ಲ ಕತ್ತರಿಸಿಬಿಡುತ್ತಾರೆ. ಅಲ್ಲಿಗೆ ಬೇರುಸಸಿಯ ಹೂ ಬಿಡುವ ಬಾಳು ಮುಗಿಯಿತು. ಇನ್ನು ಅದರ ಕೆಲಸ ನೀರು ಹೀರುವುದು, ಇನ್ನೊಬ್ಬರನ್ನು ಸಾಕುವುದು.

ಭಾರತದಲ್ಲಿ ಈ ಕೆಲಸವನ್ನು ಬಹಳ ಕಾಲದಿಂದ ಮಾಡಿಕೊಂಡು ಬಂದ ಗುಲಾಬಿಗಳಲ್ಲಿ ಎಡ್ವರ್ಡ್ ಕೂಡ ಒಂದು. ನನ್ನ ಗಿಡದ ಬುಡದಿಂದ ಎದ್ದು ಬಂದದ್ದೂ ಅದೇ. ಪುಸ್ತಕಗಳಲ್ಲಿ ಇದರ ಹೆಸರು ರೋಸಾ ಬೋರ್ಬೋನಿಯಾನಾ. ತಮಿಳುನಾಡಿನಲ್ಲಿ ಇದನ್ನು ಹಾರಕ್ಕಾಗಿ ಹೊಲದಲ್ಲೇ ಬೆಳೆಯುತ್ತಾರೆ. ಅಲ್ಲಿನವರಿಗೆ ಇದು ಪನ್ನೀರ್ ರೋಜಾ. ಎಡ್ವರ್ಡ್ ಅಂದಾಗ ಯಾವನೋ ಇಂಗ್ಲಿಷ್ ದೊರೆಯ ಹೆಸರು ಅಂದುಕೊಳ್ಳುವುದು ಸುಲಭ. ಆದರೆ ಮೂಲ ಹೆಸರು ಎದುವಾರ್, ಫ್ರೆಂಚ್ ಹೆಸರು. ಅದು ಒಬ್ಬ ರೈತನದು ಅನ್ನುತ್ತದೆ ಹಳೆಯ ಕಥೆ.

ಮಡಗಾಸ್ಕರ್‌ನ ಪೂರ್ವಕ್ಕೆ, ಹಿಂದೂ ಮಹಾಸಾಗರದಲ್ಲಿ ರೀಯೂನಿಯನ್ ಎಂಬ ಪುಟ್ಟ ದ್ವೀಪವಿದೆ. ಆಗ ಅದರ ಹೆಸರು ಬೋರ್ಬನ್ ದ್ವೀಪ. ಅಲ್ಲಿನವರು ಹೊಲಕ್ಕೆ ಗುಲಾಬಿಯನ್ನೇ ಬೇಲಿಯಾಗಿ ಹಾಕುತ್ತಿದ್ದರು. ಬೇಲಿಗೆ ಎರಡು ಜಾತಿ. ಒಂದು ಚೀನಾದ ತಿಳಿಗುಲಾಬಿ ಬಣ್ಣದ 'ಓಲ್ಡ್ ಬ್ಲಷ್'. ಇನ್ನೊಂದು ಡಮಾಸ್ಕ್ ಗುಲಾಬಿ, ಶರತ್ಕಾಲದಲ್ಲಿ ಮತ್ತೊಮ್ಮೆ ಹೂ ಬಿಡುವ ಬಗೆ. ಚೀನಾದ್ದು ವರ್ಷವಿಡೀ ಹೂ ಬಿಡುತ್ತದೆ, ಆದರೆ ಪರಿಮಳ ಕಮ್ಮಿ. ಡಮಾಸ್ಕ್‌ನ ಪರಿಮಳಕ್ಕೆ ಸಾಟಿಯಿಲ್ಲ, ಆದರೆ ಹೂ ಬಿಡುವುದರಲ್ಲಿ ಜಿಪುಣ. ದೂರದ ಎರಡು ನಾಡುಗಳ ಗುಲಾಬಿಗಳು ಒಂದೇ ಬೇಲಿಯಲ್ಲಿ ಮೈಗೆ ಮೈ ತಾಗಿಸಿ ನಿಂತವು. ಮಿಕ್ಕ ಕೆಲಸ ಜೇನ್ನೊಣಗಳದ್ದು.

ದ್ವೀಪದ ಪೂರ್ವ ತೀರದ ಸೇಂಟ್ ಬೆನ್ವಾ ಎಂಬಲ್ಲಿ ಎದುವಾರ್ ಪೆರಿಶೋನ್ ಎಂಬ ರೈತ ಬೇಲಿ ನೆಡುತ್ತಿದ್ದಾಗ, ಸಸಿಗಳ ನಡುವೆ ಒಂದು ಬೇರೆ ಥರ ಕಂಡಿತಂತೆ. ಎಲೆ ಬೇರೆ, ಚಿಗುರು ಬೇರೆ. ಅದನ್ನು ಬೇಲಿಗೆ ಹಾಕದೆ ತನ್ನ ತೋಟದಲ್ಲಿ ನೆಟ್ಟ. ಹೂ ಬಿಟ್ಟಾಗ ಅದು ಎರಡೂ ಗುಲಾಬಿಗಳಂತೆ ಇತ್ತು, ಎರಡರಂತೆಯೂ ಇರಲಿಲ್ಲ. 1817ರಲ್ಲಿ ಫ್ರಾನ್ಸ್ ಸರ್ಕಾರ ಕಳಿಸಿದ ಸಸ್ಯತಜ್ಞ ನಿಕೋಲಾ ಬ್ರೆಯೋನ್ ದ್ವೀಪಕ್ಕೆ ಬಂದ. ಅಷ್ಟರಲ್ಲಿ ಊರವರು ಅದನ್ನು ರೋಸ್ ಎದುವಾರ್ ಎಂದು ಕರೆಯುತ್ತಿದ್ದರು. ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾಗುವುದು ಆ ರೈತನ ಕಣ್ಣು. ನೂರಾರು ಸಸಿ ನೆಡುವಾಗ ಒಂದನ್ನು ನೋಡಿ ಕೈ ತಡೆಯುವುದು ಸುಮ್ನೆ ಆಗುವ ಮಾತಲ್ಲ.

ಆದರೆ ಇದು ನಿಜಕ್ಕೂ ಆ ಬೇಲಿಯಲ್ಲೇ ಹುಟ್ಟಿತೇ? ಈ ವಾದ ಇನ್ನೂ ಮುಗಿದಿಲ್ಲ. ಇದು ಭಾರತದಿಂದಲೇ ಆ ದ್ವೀಪಕ್ಕೆ ಹೋಗಿರಬೇಕು ಅನ್ನುವವರಿದ್ದಾರೆ. ಅವರು ಬೊಟ್ಟು ಮಾಡುವುದು ಕಲ್ಕತ್ತದ ಕಡೆಗೆ. 1787ರಲ್ಲಿ ಅಲ್ಲಿ ಸಸ್ಯೋದ್ಯಾನ ಶುರುವಾಯಿತು. ಚೀನಾದಿಂದ ಯುರೋಪಿಗೆ ಹೊರಟ ಗಿಡಗಳು ಅಲ್ಲಿ ಇಳಿದು, ಸುಧಾರಿಸಿಕೊಂಡು, ಮುಂದಿನ ಹಡಗು ಹತ್ತುತ್ತಿದ್ದವು. ಚೀನಾದ ಗುಲಾಬಿ ಹೀಗೆ ನಮ್ಮಲ್ಲಿತ್ತು. ಡಮಾಸ್ಕ್ ಅಂತೂ ಪನ್ನೀರಿಗಾಗಿ ಮೊದಲೇ ಬೇರೂರಿತ್ತು. ಅಪ್ಪ ಅಮ್ಮ ಇಬ್ಬರೂ ಇದ್ದ ಕಡೆ ಮಗು ಹುಟ್ಟುವುದರಲ್ಲಿ ಏನಾಶ್ಚರ್ಯ? ಇನ್ನೊಂದು ವಿಷಯವೂ ಇದೆ. 1810ರಲ್ಲಿ ಬ್ರಿಟಿಷರು ಬೋರ್ಬನ್ ದ್ವೀಪವನ್ನು ಗೆದ್ದಾಗ ಅವರ ದಂಡಿನಲ್ಲಿ ಮದರಾಸಿನ ಸಿಪಾಯಿಗಳಿದ್ದರು. 1815ರವರೆಗೂ ದ್ವೀಪ ಬ್ರಿಟಿಷರ ಕೈಯಲ್ಲಿತ್ತು. ಈ ಐದು ವರ್ಷದಲ್ಲಿ ಒಂದು ಗುಲಾಬಿ ಕಡ್ಡಿ ಯಾವ ದಿಕ್ಕಿಗೆ ಬೇಕಾದರೂ ಹೋಗಿರಬಹುದು.

ಈ ಗಿಡ ನಮ್ಮದೇ ಎಂದು ಹೇಳಿಕೊಳ್ಳಲು ನನಗೂ ಆಸೆಯೇ. ಆದರೂ ಹೆಸರು ನನ್ನನ್ನು ತಡೆಯುತ್ತದೆ. ಗಿಡ ಇಲ್ಲಿಂದ ಅಲ್ಲಿಗೆ ಹೋಗಿದ್ದರೆ, ಇಲ್ಲಿನ ಹೆಸರನ್ನೋ ಊರನ್ನೋ ಹೊತ್ತು ಹೋಗಬೇಕಿತ್ತು ಅಲ್ವಾ? ಆದರೆ ನಮ್ಮ ನರ್ಸರಿಗಳಲ್ಲಿ ಉಳಿದಿರುವುದು ದ್ವೀಪದ ಹೆಸರು. ಗಿಡ ಮೊದಲೇ ಇದ್ದು, ಹೆಸರು ಮಾತ್ರ ಆಮೇಲೆ ಬಂದು ಅಂಟಿಕೊಂಡಿದ್ದರೂ ಇರಬಹುದು. ಆದರೂ ದ್ವೀಪದ ಕಥೆಯ ಕಡೆಗೇ ನನ್ನ ಒಲವು. ಕಲ್ಕತ್ತದ ಬಾಗಿಲನ್ನು ಮಾತ್ರ ಮುಚ್ಚಲಾರೆ.

ಮುಂದಿನ ದಾರಿಯಲ್ಲಿ ಗೊಂದಲವಿಲ್ಲ. 1819ರಲ್ಲಿ ಬ್ರೆಯೋನ್ ಕಳಿಸಿದ ಬೀಜಗಳು ಪ್ಯಾರಿಸ್ ಹತ್ತಿರದ ನ್ಯೂಯಿಯಲ್ಲಿದ್ದ ಆಂತ್ವಾನ್ ಜಾಕ್‌ನ ಕೈ ಸೇರಿದವು. ಆತ ಓರ್ಲಿಯನ್ಸ್ ಡ್ಯೂಕ್‌ನ ತೋಟಗಾರ. ಆ ಡ್ಯೂಕ್ ಮುಂದೆ ಲೂಯಿ ಫಿಲಿಪ್ ಎಂಬ ಹೆಸರಿನಲ್ಲಿ ಫ್ರಾನ್ಸಿನ ರಾಜನಾದ. ಬೀಜದಿಂದ ಬಂದ ಗಿಡವನ್ನು ಗುಲಾಬಿ ಚಿತ್ರಗಳಿಗೆ ಹೆಸರಾದ ಕಲಾವಿದ ರೆದೂತೆ ಬರೆದಿಟ್ಟ. ಅಲ್ಲಿಂದ ಬೋರ್ಬನ್ ಗುಲಾಬಿಗಳೆಂಬ ದೊಡ್ಡ ವಂಶವೇ ಬೆಳೆಯಿತು. ಬೋರ್ಬನ್‌ಗಳನ್ನು ಬೇರೆ ಗುಲಾಬಿಗಳ ಜೊತೆ ಕೂಡಿಸಿ ಹೈಬ್ರಿಡ್ ಪರ್ಪೆಚುಯಲ್ ಎಂಬ ಗುಂಪು ಬಂತು, ಅವುಗಳನ್ನು ಚೀನಾದ ಟೀ ಗುಲಾಬಿಗಳ ಜೊತೆ ಕೂಡಿಸಿ ಹೈಬ್ರಿಡ್ ಟೀ ಗುಂಪು ಬಂತು. 1867ರ 'ಲಾ ಫ್ರಾನ್ಸ್' ಅನ್ನು ಮೊದಲ ಹೈಬ್ರಿಡ್ ಟೀ ಎಂದು ಎಣಿಸುತ್ತಾರೆ. ಈಗ ನಾವು ಗುಲಾಬಿ ಅಂದ ಕೂಡಲೇ ಕಣ್ಣಿಗೆ ಬರುವ ಉದ್ದ ಮೊಗ್ಗಿನ ದೊಡ್ಡ ಹೂವು ಈ ಗುಂಪಿನದೇ.

ಇಲ್ಲೇ ನನಗೆ ಮೈ ಜುಮ್ಮೆನ್ನುವುದು. ಎಡ್ವರ್ಡ್ ಬೇರಿನ ಮೇಲೆ ಹೈಬ್ರಿಡ್ ಟೀ ಕಣ್ಣು ಕೂರಿಸಿದಾಗ ನರ್ಸರಿಯವರು ಮಾಡಿದ್ದೇನು? ಮರಿಮಗಳನ್ನು ತಂದು ಮುತ್ತಜ್ಜಿಯ ಹೆಗಲ ಮೇಲೆ ಕೂರಿಸಿದ್ದಾರೆ.

ಇದೇ ವಂಶದ ಇನ್ನೊಂದು ಕವಲು ಅಮೆರಿಕದಲ್ಲೂ ಬೇರುಸಸಿಯಾಯಿತು. 1825ರ ಹೊತ್ತಿನ ಫ್ರಾನ್ಸಿನಲ್ಲಿ ಬೋರ್ಬನ್ ಮತ್ತು ಚೀನಾ ರಕ್ತ ಬೆರೆತು 'ಗ್ಲೋಯರ್ ದೆ ರೊಸೊಮೇನ್' ಎಂಬ ಕೆಂಪು ಗುಲಾಬಿ ಬಂತು. ಕ್ಯಾಲಿಫೋರ್ನಿಯಾದವರು ಅದನ್ನು 'ರ್‍ಯಾಗೆಡ್ ರಾಬಿನ್' ಎಂದು ಕರೆದು ಬೇರುಸಸಿ ಮಾಡಿಕೊಂಡರು. ಅದರ ಪೀಳಿಗೆಯಲ್ಲಿ 1897ರಲ್ಲಿ ಗೆಶ್ವಿಂಡ್ ಎಂಬ ತಳಿಗಾರನ 'ಗ್ರುಸ್ ಆನ್ ಟೆಪ್ಲಿಟ್ಸ್' ಬಂತು. ಪಾಕಿಸ್ತಾನದ ಪಂಜಾಬಿನಲ್ಲಿ ಅದನ್ನು ಸುರ್ಖಾ ಎಂದು ಕರೆದು ಈಗಲೂ ಎಸಳಿಗಾಗಿ ಬೆಳೆಯುತ್ತಾರೆ. ಅದನ್ನು 'ಎಥೆಲ್' ಎಂಬ ಬಳ್ಳಿ ಗುಲಾಬಿಗೆ ಕೂಡಿಸಿ, 1914ರಲ್ಲಿ ಫಿಲಡೆಲ್ಫಿಯಾದ ಕ್ಯಾಪ್ಟನ್ ಜಾರ್ಜ್ ಥಾಮಸ್ ಇನ್ನೊಂದು ತಳಿ ಪಡೆದರು. ತಮಗೆ ಗುಲಾಬಿಯ ಹುಚ್ಚು ಹಿಡಿಸಿದ ದಂತವೈದ್ಯ ಗೆಳೆಯನ ಗೌರವಕ್ಕೆ ಅದಕ್ಕೆ 'ಡಾಕ್ಟರ್ ಹ್ಯೂಯಿ' ಎಂದು ಹೆಸರಿಟ್ಟರು. 1920ರಲ್ಲಿ ಮಾರುಕಟ್ಟೆಗೆ ಬಂದದ್ದು ಹೂವಿಗಾಗಿ. ಕೊನೆಗೆ ನಿಂತದ್ದು ಬೇರುಸಸಿಯಾಗಿ. ಅಲ್ಲಿ ಹಿತ್ತಲಿನ ಗುಲಾಬಿ ಇದ್ದಕ್ಕಿದ್ದಂತೆ ಕಡುಗೆಂಪಾದರೆ, ಎಷ್ಟೋ ಸಲ ಬುಡದಿಂದ ಎದ್ದು ಬಂದವರು ಈ ಡಾಕ್ಟರೇ.

ಎಡ್ವರ್ಡ್ ಈ ಕೆಲಸಕ್ಕೆ ಒಗ್ಗಿದ್ದು ಸುಮ್ನೆ ಅಲ್ಲ. ಕಡ್ಡಿ ಊರಿದರೆ ಬೇರು ಬರುತ್ತದೆ. ಬಯಲುಸೀಮೆಯ ಬಿಸಿಲನ್ನು ತಡೆಯುತ್ತದೆ. ಆದರೆ ಅದರ ಜಾಗ ಈಗ ಕಿರಿದಾಗುತ್ತಿದೆ. ಕ್ಷಾರದ ಮಣ್ಣಿಗೆ ರೋಸಾ ಇಂಡಿಕಾ ಎಂಬ ಬೇರುಸಸಿ ಮೇಲು. ಬೆಂಗಳೂರು, ಹೊಸೂರು ಸುತ್ತಿನ ಪಾಲಿಹೌಸ್‌ಗಳಿಗೆ ದಕ್ಷಿಣ ಆಫ್ರಿಕಾದ ನಟಾಲ್ ಬ್ರೈಯರ್ ಎಂಬ ಬೇರುಸಸಿ ಬಂದಿದೆ. ಯಾವ ಬೇರು ಎಂದು ಕೊಳ್ಳುವವರು ಕೇಳುವುದೇ ಇಲ್ಲ. ಕೇಳಬೇಕು ಅನ್ನುವುದು ನನ್ನ ಅನಿಸಿಕೆ. ಹೂವಿನ ಹೆಸರು ಬರೆಯುವ ಚೀಟಿಯಲ್ಲಿ ಬೇರಿನ ಹೆಸರಿಗೂ ಒಂದು ಸಾಲು ಇರಲಿ.

ನಿಮ್ಮ ಗಿಡದಲ್ಲೂ ಇಂಥ ಚಿಗುರು ಬಂದರೆ ಎಲೆ ಎಣಿಸಿ ತೀರ್ಮಾನ ಮಾಡಬೇಡಿ. ಏಳೆಲೆ ಇದ್ದರೆ ಕಾಡು ಅನ್ನುವ ಮಾತು ಎಲ್ಲ ಸಲ ನಿಜವಲ್ಲ. ಮಣ್ಣು ಸರಿಸಿ ನೋಡಿ. ಕಸಿಯ ಗಂಟಿನ ಕೆಳಗಿನಿಂದ ಹೊರಟಿದ್ದರೆ ಅದು ಬೇರುಸಸಿಯದು. ಮೇಲೆ ಕತ್ತರಿಸಿದರೆ ಮತ್ತೆ ನಾಲ್ಕು ಚಿಗುರುತ್ತವೆ. ಹುಟ್ಟಿದ ಜಾಗದಿಂದಲೇ ಎಳೆದು ತೆಗೆಯಬೇಕು.

ನಾನೂ ಹಾಗೇ ತೆಗೆದೆ. ಆ ಕೊಂಬೆಯನ್ನು ಮೂರು ತುಂಡು ಮಾಡಿ ಬೇರೆ ಕುಂಡದಲ್ಲಿ ಊರಿದೆ. ಎರಡು ಬೇರು ಬಿಟ್ಟವು. ಅವುಗಳ ಮೇಲೆ ಯಾವ ಕಣ್ಣನ್ನೂ ಕೂರಿಸಿಲ್ಲ.