ಇಂಗ್ಲೆಂಡಿನ ವಯಸ್ಕರ ಆರೈಕೆ: ಗುಣಮಟ್ಟಕ್ಕೆ ಉತ್ತರ ಕೊಡಬೇಕಾದವರು ಯಾರು?

ಇಂಗ್ಲೆಂಡಿನಲ್ಲಿ ವೃದ್ಧರು, ಅಂಗವಿಕಲರು ಮತ್ತು ಮಾನಸಿಕ ಅನಾರೋಗ್ಯವಿರುವ ವಯಸ್ಕರ ದಿನನಿತ್ಯದ ಆರೈಕೆಯ ಹೊಣೆ ಸ್ಥಳೀಯ ಕೌನ್ಸಿಲ್‌ಗಳದು. ಆ ಆರೈಕೆಯ ಬಹುಪಾಲನ್ನು ಕೌನ್ಸಿಲ್ ತಾನೇ ನೀಡದೆ ಖಾಸಗಿ ಕಂಪನಿಗಳಿಂದಲೂ ಸೇವಾ ಸಂಸ್ಥೆಗಳಿಂದಲೂ ಕೊಳ್ಳುತ್ತದೆ. ಹೀಗೆ ಕೊಂಡ ಸೇವೆ ಕೆಟ್ಟರೆ ಉತ್ತರ ಕೊಡಬೇಕಾದವರು ಯಾರು ಎಂಬ ಪ್ರಶ್ನೆಯಿಂದಲೇ ಈ ವ್ಯವಸ್ಥೆಯನ್ನು ನೋಡುವುದು ಒಳ್ಳೆಯದು.

2014ರ ಕೇರ್ ಆ್ಯಕ್ಟ್ ಎಂಬ ಕಾನೂನು ಇದಕ್ಕೆ ಸ್ಪಷ್ಟ ನೆಲೆ ಒದಗಿಸುತ್ತದೆ. ತನ್ನ ಪ್ರದೇಶದಲ್ಲಿ ಗುಣಮಟ್ಟದ, ವೈವಿಧ್ಯವುಳ್ಳ ಸೇವೆಗಳು ದೊರೆಯುವಂತೆ ನೋಡಿಕೊಳ್ಳುವ ಕರ್ತವ್ಯವನ್ನು 5ನೇ ಸೆಕ್ಷನ್ ಕೌನ್ಸಿಲ್‌ಗೆ ವಿಧಿಸಿದರೆ, ದೌರ್ಜನ್ಯ ಅಥವಾ ನಿರ್ಲಕ್ಷ್ಯದ ಶಂಕೆಯಿದ್ದಾಗ ವಿಚಾರಣೆ ನಡೆಸುವ ಕರ್ತವ್ಯ 42ನೇ ಸೆಕ್ಷನ್‌ನಲ್ಲಿದೆ. 2011ರಲ್ಲಿ ಸುಮಾರು 31,000 ನಿವಾಸಿಗಳಿದ್ದ ಆರೈಕೆ ಮನೆಗಳನ್ನು ನಡೆಸುತ್ತಿದ್ದ ಸದರ್ನ್ ಕ್ರಾಸ್ ಕಂಪನಿ ಕುಸಿದದ್ದನ್ನು ನೆನಪಿನಲ್ಲಿಟ್ಟುಕೊಂಡು 48ನೇ ಸೆಕ್ಷನ್ ಓದಬೇಕು: ನೋಂದಾಯಿತ ಸಂಸ್ಥೆ ದಿವಾಳಿಯಾಗಿ ಸೇವೆ ನಿಂತರೆ, ಸ್ವಂತ ಹಣದಿಂದ ಆರೈಕೆ ಪಡೆಯುತ್ತಿದ್ದವರಿಗೂ ಕೌನ್ಸಿಲ್ ತಾತ್ಕಾಲಿಕವಾಗಿ ನೆರವಾಗಲೇಬೇಕು.

ಆರೈಕೆ ಸೇವೆಗಳ ನಿಯಂತ್ರಕ ಸಂಸ್ಥೆಯಾದ ಕೇರ್ ಕ್ವಾಲಿಟಿ ಕಮಿಷನ್‌ನ ಎರಡು ಕೆಲಸಗಳನ್ನು ಬೆರೆಸಿಕೊಳ್ಳಬಾರದು. 2009ರಿಂದ ಕಾರ್ಯನಿರ್ವಹಿಸುತ್ತಿರುವ ಅದು ಸೇವೆ ನೀಡುವ ಸಂಸ್ಥೆಗಳನ್ನು ನೋಂದಾಯಿಸಿ ಪರಿಶೀಲಿಸುತ್ತದೆ. ಇದಲ್ಲದೆ 2022ರ ಹೆಲ್ತ್ ಆ್ಯಂಡ್ ಕೇರ್ ಆ್ಯಕ್ಟ್‌ನಂತೆ, 2023ರ ಏಪ್ರಿಲ್‌ನಿಂದ 153 ಕೌನ್ಸಿಲ್‌ಗಳು ಕಾನೂನಿನ ಕರ್ತವ್ಯವನ್ನು ಹೇಗೆ ನಿಭಾಯಿಸುತ್ತಿವೆ ಎಂಬುದನ್ನೂ ಅಳೆಯುತ್ತದೆ. ಬರ್ಮಿಂಗ್‌ಹ್ಯಾಮ್, ಸಫೋಕ್ ಸೇರಿ ಐದು ಕಡೆ ಇದರ ಪ್ರಾಯೋಗಿಕ ಪರಿಶೀಲನೆ ಮೊದಲು ನಡೆಯಿತು. ನನ್ನ ಅಭಿಪ್ರಾಯದಲ್ಲಿ ಈ ಎರಡನೆಯ ಕೆಲಸ ತಡವಾಗಿ ಬಂದರೂ ಅತ್ಯಗತ್ಯವಾಗಿತ್ತು. ಸೇವೆ ಮಾರುವವರನ್ನು ಮಾತ್ರ ಪರೀಕ್ಷಿಸಿ, ಕೊಳ್ಳುವವರನ್ನು ಬಿಟ್ಟರೆ ಅರ್ಧ ಚಿತ್ರವಷ್ಟೇ ಸಿಗುತ್ತದೆ.

ಕೌನ್ಸಿಲ್ ಒಳಗೆ ನಡೆಯುವ ಕೆಲಸವೇ ಇಲ್ಲಿ ಹೆಚ್ಚು ಗಮನಕ್ಕೆ ಅರ್ಹ. ಗುತ್ತಿಗೆ ನಿಗಾ ವಹಿಸುವ ತಂಡ ಆರೈಕೆ ಮನೆಗಳಿಗೆ ಭೇಟಿ ನೀಡಿ ಔಷಧ ದಾಖಲೆ, ಸಿಬ್ಬಂದಿ ಪಾಳಿ, ದೂರುಗಳನ್ನು ನೋಡುತ್ತದೆ. ಹಿರಿಯ ಸಮಾಜ ಕಾರ್ಯಕರ್ತರು ಕಡತಗಳನ್ನು ಆಡಿಟ್ ಮಾಡುತ್ತಾರೆ. ಅರ್ಜಿ ಬಂದ ಎಷ್ಟು ದಿನಕ್ಕೆ ಆರೈಕೆಯ ಅಗತ್ಯದ ಮೌಲ್ಯಮಾಪನವಾಯಿತು ಎಂಬುದು ಎಣಿಕೆಗೆ ಸುಲಭ. ಆದರೆ ಆ ವ್ಯಕ್ತಿಗೆ ಬೇಕಾಗಿದ್ದುದೇನು, ಅವರ ಮಾತು ಯೋಜನೆಯಲ್ಲಿ ಉಳಿದಿದೆಯೇ, ನೋಡಿಕೊಳ್ಳುತ್ತಿರುವ ಮಗಳ ದಣಿವನ್ನು ಯಾರಾದರೂ ವಿಚಾರಿಸಿದರೇ ಎಂಬುದು ಕಡತವನ್ನು ನಿಧಾನವಾಗಿ ಓದಿ, ಕುಟುಂಬದವರೊಂದಿಗೆ ಮಾತನಾಡಿದಾಗ ಮಾತ್ರ ತಿಳಿಯುತ್ತದೆ.

ಮನೆಗೆ ಬಂದು ನೀಡುವ ಆರೈಕೆಯನ್ನೇ ಉದಾಹರಣೆಯಾಗಿ ನೋಡಬಹುದು. ಸ್ನಾನ, ಶೌಚದಂಥ ಖಾಸಗಿ ನೆರವು ಬೇಕಾದವರಿಗೆ 15 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಅವಧಿಯ ಭೇಟಿ ಸೂಕ್ತವಲ್ಲವೆಂದು ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಅಂಥ ಭೇಟಿಗಳೆಲ್ಲ ಸಮಯಕ್ಕೆ ಸರಿಯಾಗಿ ನಡೆದಿವೆ ಎಂದು ವಿದ್ಯುನ್ಮಾನ ದಾಖಲೆ ತೋರಿಸಿದರೂ, ಆಡಿಟರ್ ಕೇಳಬೇಕಾದದ್ದು ಅಷ್ಟು ಕಡಿಮೆ ಅವಧಿಯನ್ನು ಕೌನ್ಸಿಲ್ ಮೊದಲಿಗೇ ಏಕೆ ಕೊಂಡಿತು ಎಂಬ ಪ್ರಶ್ನೆಯನ್ನು.