ಎರಡು ಇಂಚು ನೀರಿನ ಲೆಕ್ಕ

ಬಯಲುಸೀಮೆಯಲ್ಲಿ ಕೊಳವೆಬಾವಿ ಕೊರೆಸಿದವರನ್ನು ನೀರು ಎಷ್ಟು ಬಂತು ಎಂದು ಕೇಳಿದರೆ ಉತ್ತರ ಇಂಚಿನಲ್ಲಿ ಬರುತ್ತದೆ. ಒಂದೂವರೆ ಇಂಚು, ಎರಡು ಇಂಚು, ಅದೃಷ್ಟವಿದ್ದರೆ ಮೂರು ಇಂಚು. ಇದು ಪೈಪಿನ ಅಗಲವಲ್ಲ. ಹೊರಬಂದ ನೀರನ್ನು ‘ವಿ’ ಆಕಾರದಲ್ಲಿ ಕತ್ತರಿಸಿದ ತಗಡಿನ ಮೂಲಕ ಹಾಯಿಸಿದಾಗ ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರ ಹರಿಯುತ್ತದೆ ಎಂಬುದರ ಅಳತೆ. ಕಚ್ಚು ಮೇಲೆ ಹೋದಂತೆ ಅಗಲವಾಗುವುದರಿಂದ ಮೂರು ಇಂಚಿನ ನೀರು ಎರಡು ಇಂಚಿನ ಒಂದೂವರೆ ಪಟ್ಟಲ್ಲ, ಹೆಚ್ಚುಕಡಿಮೆ ಎರಡೂಮುಕ್ಕಾಲು ಪಟ್ಟು. ಸರಿಯಾಗಿ ಅಳೆದ ಎರಡು ಇಂಚು ಎಂದರೆ ಗಂಟೆಗೆ ಸುಮಾರು 2,900 ಲೀಟರ್.

ಈ ಎರಡು ಇಂಚನ್ನು ಮಳೆಯ ಪಕ್ಕದಲ್ಲಿಟ್ಟು ನೋಡೋಣ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. ವರ್ಷಕ್ಕೆ 700 ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ, ನಮ್ಮ ಗಟ್ಟಿಬಂಡೆಯ ನೆಲ ಅದರ ಹತ್ತನೇ ಒಂದು ಪಾಲನ್ನು ಒಳಗೆ ಇಳಿಸಿಕೊಂಡಿತು ಎಂದಿಟ್ಟುಕೊಂಡರೆ, ಎಕರೆಗೆ ಸಿಕ್ಕಿದ್ದು 70 ಮಿಲಿಮೀಟರ್, ಅಂದರೆ ಸುಮಾರು 2.8 ಲಕ್ಷ ಲೀಟರ್. ದಿನಕ್ಕೆ ಏಳು ಗಂಟೆ ತ್ರೀ ಫೇಸ್ ವಿದ್ಯುತ್ ಇದ್ದು ಎರಡು ಇಂಚಿನ ಬೋರು ಅಷ್ಟೂ ಹೊತ್ತು ಓಡಿದರೆ ಈ ನೀರು 14 ದಿನಕ್ಕೆ ಮುಗಿಯುತ್ತದೆ. ಹದಿನೈದನೆಯ ದಿನದಿಂದ ಮೇಲೆ ಬರುವುದು ಅಕ್ಕಪಕ್ಕದ ಹೊಲಗಳ ಕೆಳಗೆ ಇಂಗಿದ ನೀರು, ಇಲ್ಲವೇ ಹಿಂದಿನ ವರ್ಷಗಳ ಉಳಿತಾಯ.

ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂಬ ಈ ಲೆಕ್ಕವೇ ಜಲವಿಜ್ಞಾನದ ಮಾದರಿಗಳ ತಿರುಳು. ಕಂಪ್ಯೂಟರಿನಲ್ಲಿ ಒಂದು ಜಲಾನಯನ ಪ್ರದೇಶವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಪ್ರತಿ ಚೌಕಕ್ಕೂ ಮಳೆ, ಮಣ್ಣಿನ ಆಳ, ಬೆಳೆ, ಬಂಡೆಯ ಗುಣ, ಪಂಪು ಎತ್ತುವ ನೀರು ಇವನ್ನೆಲ್ಲ ಉಣಿಸಿ ದಿನದಿನದ ಜಮಾಖರ್ಚು ಬರೆಸುತ್ತಾರೆ. ನೇರವಾಗಿ ಅಳೆಯಲಾಗದ ಸಂಗತಿಗಳಿಗೆ ಮೊದಲು ಒಂದು ಅಂದಾಜು ಕೊಟ್ಟು, ಲೆಕ್ಕ ಹೇಳುವ ನೀರಿನ ಮಟ್ಟಕ್ಕೂ ಬಾವಿಯಲ್ಲಿ ಕಂಡ ಮಟ್ಟಕ್ಕೂ ತಾಳೆಯಾಗುವವರೆಗೆ ಆ ಅಂದಾಜನ್ನು ತಿದ್ದುತ್ತಾ ಹೋಗುತ್ತಾರೆ. ಹಾಗಾಗಿ ಬಾವಿಯ ಅಳತೆ ಇಲ್ಲದ ಮಾದರಿ ಎಷ್ಟೇ ಸೊಗಸಾದ ನಕ್ಷೆ ತೋರಿಸಿದರೂ ಅದನ್ನು ನಂಬುವಂತಿಲ್ಲ.

ಮಾದರಿಯಿಲ್ಲದ ಅಳತೆಯೂ ದಾರಿ ತಪ್ಪಿಸಬಲ್ಲದು. ಒಳ್ಳೆಯ ಮಳೆಯ ನಂತರ ಬಾವಿಯಲ್ಲಿ ನೀರು ಒಂದು ಮೀಟರ್ ಏರಿತು ಎಂದರೆ ಊರಿಗೆಲ್ಲ ಸಂಭ್ರಮ. ಆದರೆ ಗ್ರಾನೈಟ್, ನೈಸ್ ಬಂಡೆಗಳಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದ ಸಂದುಗಳಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ. ಆ ಶಿಥಿಲ ಪದರದಿಂದಲೂ ಎತ್ತಿಕೊಳ್ಳಲು ಸಿಗುವ ನೀರು ಅದರ ಗಾತ್ರದ ನೂರಕ್ಕೆ ಒಂದರಿಂದ ಮೂರು ಪಾಲು. ಒಂದೂವರೆ ಪಾಲು ಎಂದು ಹಿಡಿದರೂ, ಒಂದು ಮೀಟರ್ ಏರಿಕೆ ಎಂದರೆ ನಿಜವಾಗಿ ಕೈಗೆ ಸಿಗುವುದು 15 ಮಿಲಿಮೀಟರ್ ನೀರು. ಏರುವಾಗ ಬೇಗ ಏರಿದ್ದು ಇಳಿಯುವಾಗಲೂ ಅಷ್ಟೇ ಬೇಗ ಇಳಿಯುತ್ತದೆ.

ಕರ್ನಾಟಕದಲ್ಲಿ ಈ ಬಗೆಯ ಅಧ್ಯಯನ ದೀರ್ಘಕಾಲ ನಡೆದಿರುವುದು ಗುಂಡ್ಲುಪೇಟೆಯ ಸೀಮೆಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳು ಬಂಡೀಪುರದ ಕಾಡಿನೊಳಗಿನ ಮೂಲೆಹೊಳೆಯ ಪುಟ್ಟ ಜಲಾನಯನವನ್ನೂ, ಕಾಡಿಗೆ ತಾಗಿದ 84 ಚದರ ಕಿಲೋಮೀಟರಿನ ಬೇರಂಬಾಡಿ ಜಲಾನಯನವನ್ನೂ ಅಳೆಯುತ್ತಾ ಬಂದಿದ್ದಾರೆ. ಕಾಡಿನ ಭಾಗದಲ್ಲಿ ಮಾದರಿ ಒಂದು ಪಾಠ ಕಲಿಸಿತು. ಮಣ್ಣಿನ ಮೇಲ್ಪದರವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ನೀರಿನ ಜಮಾಖರ್ಚು ಕೂಡುತ್ತಿರಲಿಲ್ಲ. ಮರಗಳ ಬೇರು ಆಳದ ಶಿಥಿಲ ಪದರದಿಂದಲೂ ನೀರು ಹೀರುತ್ತದೆ ಎಂದು ಸೇರಿಸಿದ ಮೇಲೆ ಲೆಕ್ಕ ಸರಿಹೊಂದಿತು.

ಬೇರಂಬಾಡಿಯ ಹೊಲಗಳಲ್ಲಿ ಎದುರಾದದ್ದು ಬೇರೆಯೇ ತೊಡಕು. ಅಲ್ಲಿ ನೀರಿನ ದೊಡ್ಡ ಖರ್ಚು ರೈತನ ತೀರ್ಮಾನದ ಮೇಲೆ ನಿಂತಿದೆ. ಅರಿಶಿನ ಹಾಕುವುದೋ ಜೋಳ ಬಿತ್ತುವುದೋ, ಮುಂಗಾರು ಕೈಕೊಟ್ಟರೆ ಯಾವ ತಾಕನ್ನು ಬೀಳು ಬಿಡುವುದು, ಸಾಲ ಮಾಡಿ ಇನ್ನೊಂದು ಬೋರು ಕೊರೆಸುವುದೋ ಬೇಡವೋ ಎಂಬುದನ್ನು ಉಪಗ್ರಹದ ಚಿತ್ರ ಹೇಳುವುದಿಲ್ಲ. ಸಂಶೋಧಕರು ಆರುನೂರಕ್ಕೂ ಹೆಚ್ಚು ಕೃಷಿ ಕುಟುಂಬಗಳನ್ನು ಮಾತನಾಡಿಸಿ, ಆ ತೀರ್ಮಾನಗಳನ್ನೇ ಮಾದರಿಯ ಒಂದು ಅಂಗವಾಗಿಸಿದರು. ನನಗೆ ಇದು ತುಂಬ ಮುಖ್ಯವಾದ ಹೆಜ್ಜೆಯಾಗಿ ಕಾಣುತ್ತದೆ, ಏಕೆಂದರೆ ರೈತನನ್ನು ‘ನೀರು ಎತ್ತುವ ಪ್ರಮಾಣ’ ಎಂಬ ಒಂದೇ ಅಂಕಿಗೆ ಇಳಿಸುವ ಮಾದರಿ ಮುಂದಿನ ಬರಗಾಲದಲ್ಲಿ ಅವನು ಏನು ಮಾಡುತ್ತಾನೆ ಎಂಬುದನ್ನು ಎಂದಿಗೂ ಹೇಳಲಾರದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದದ್ದು ನಮ್ಮ ನೆರೆಯ ಅನಂತಪುರ, ಚಿತ್ತೂರು, ಕಡಪ, ಕರ್ನೂಲು ಮೊದಲಾದ ಬರಪೀಡಿತ ಜಿಲ್ಲೆಗಳು. ಅಂದಿನ ಆಂಧ್ರಪ್ರದೇಶದ ಏಳು ಜಿಲ್ಲೆಗಳಲ್ಲಿ, 2000ದ ದಶಕದಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನೊಂದಿಗೆ ನಡೆದ ಯೋಜನೆಯಲ್ಲಿ ಆರುನೂರಕ್ಕೂ ಹೆಚ್ಚು ಊರುಗಳ ರೈತರು ಮತ್ತು ರೈತ ಮಹಿಳೆಯರು ತಾವೇ ಮಳೆ ಅಳೆದರು, ತಾವೇ ಕೊಳವೆಬಾವಿಗೆ ಟೇಪು ಇಳಿಸಿದರು. ಪಂಪು ನಿಂತು ಸಾಕಷ್ಟು ಹೊತ್ತಾಗದೆ ಅಳೆದರೆ ಮಟ್ಟ ಸುಳ್ಳು ಹೇಳುತ್ತದೆ ಎಂಬುದನ್ನು ಅವರು ಕೈಯಿಂದಲೇ ಕಲಿತರು. ಮುಂಗಾರು ಮುಗಿದು ಹಿಂಗಾರಿನ ಬಿತ್ತನೆಗೆ ಮುಂಚೆ ಊರವರು ಸೇರಿ, ಇಂಗಿದ ನೀರನ್ನು ಒಂದು ಕಡೆಗೂ, ಪ್ರತಿ ಮನೆಯವರು ಹಾಕಬೇಕೆಂದಿರುವ ಬೆಳೆಗೆ ಬೇಕಾದ ನೀರನ್ನು ಇನ್ನೊಂದು ಕಡೆಗೂ ಬರೆದು ನೋಡುತ್ತಿದ್ದರು. ಕೊರತೆ ಕಂಡರೂ ಯಾರ ಮೇಲೂ ನಿರ್ಬಂಧವಿರಲಿಲ್ಲ, ದಂಡವೂ ಇರಲಿಲ್ಲ. ಭತ್ತದಂಥ ನೀರಿನ ಬೆಳೆ ಬಿಟ್ಟು ಕಡಿಮೆ ನೀರಿನ ಬೆಳೆಗೆ ಹೊರಳಿದವರು ತಮ್ಮ ಲಾಭನಷ್ಟವನ್ನು ತಾವೇ ತೂಗಿ ಹೊರಳಿದರು. ತಾನು ಅಳೆದ ಬಾವಿಯ ಅಂಕಿಯನ್ನು ಮನುಷ್ಯ ಸುಲಭಕ್ಕೆ ತಳ್ಳಿಹಾಕಲಾರ.

ಆದರೆ ಹಣಕಾಸಿನ ನೆರವು ನಿಂತ ಮೇಲೆ ಹಲವು ಊರುಗಳಲ್ಲಿ ಅಳತೆಯೂ ನಿಂತಿತು. ಈ ಸಂಗತಿಯನ್ನು ಮುಚ್ಚಿಡಬಾರದು. 2019ರ ಡಿಸೆಂಬರ್ 25ರಂದು ಆರಂಭವಾದ ಕೇಂದ್ರ ಸರ್ಕಾರದ ಅಟಲ್ ಭೂಜಲ ಯೋಜನೆ, ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲೇ ನೀರಿನ ಆಯವ್ಯಯ ಬರೆಸುವ ದಾರಿ ಹಿಡಿದಾಗ ನೆರವು ನಿಂತ ಮೇಲೆ ಅಳೆಯುವವರು ಯಾರು ಎಂಬ ಹಳೆಯ ಪ್ರಶ್ನೆಯೂ ಜೊತೆಗೇ ಬಂದಿತು. ಗ್ರಾಮಸಭೆಯಲ್ಲಿ ಸಹಿ ಹಾಕಿಸಿಕೊಂಡು, ಹೊರಗಿನವರು ಸಿದ್ಧಪಡಿಸಿದ ಆಯವ್ಯಯವನ್ನು ಓದಿಹೇಳುವುದು ಸಹಭಾಗಿತ್ವವಲ್ಲ. ಬೋರು ಇಲ್ಲದ ಕೂಲಿಕಾರ ಕುಟುಂಬ, ಕುಡಿಯುವ ನೀರಿಗೆ ಬಿಂದಿಗೆ ಹಿಡಿದು ನಿಲ್ಲುವ ಹೆಣ್ಣುಮಕ್ಕಳು ಆ ಲೆಕ್ಕದ ಒಳಗೆ ಇಲ್ಲದಿದ್ದರೆ ಅದು ಬೋರು ಇದ್ದವರ ಲೆಕ್ಕವಷ್ಟೇ ಆಗುತ್ತದೆ. ಇದರ ಮೇಲೆ ಗಡಿಯ ತೊಡಕು ಬೇರೆ. ಮಾದರಿ ನೋಡುವುದು ಜಲಾನಯನದ ಗಡಿಯನ್ನು, ಸಭೆ ಸೇರುವುದು ಪಂಚಾಯಿತಿಯ ಗಡಿಯೊಳಗೆ. ಮೇಲಿನ ಪಂಚಾಯಿತಿ ಕಟ್ಟಿದ ಚೆಕ್ ಡ್ಯಾಮು ಕೆಳಗಿನ ಊರಿನ ಕೆರೆಗೆ ಬರುವ ನೀರನ್ನು ಎಷ್ಟು ತಗ್ಗಿಸುತ್ತದೆ ಎಂಬುದನ್ನು ಎರಡೂ ಊರುಗಳ ಮುಂದಿಟ್ಟು ತೋರಿಸಬಲ್ಲದ್ದು ಮಾದರಿಯೇ, ಮತ್ತು ಅದರ ನಿಜವಾದ ಉಪಯೋಗ ಇರುವುದು ಇಂಥ ಕಡೆ.

ಕೋಲಾರದ ಕಡೆಯ ಕೆರೆಗಳಿಗೆ ಹಿಂದೆ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಅಚ್ಚುಕಟ್ಟಿನ ಕೊನೆಯ ಗದ್ದೆಗೂ ನೀರು ಮುಟ್ಟಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ಅಚ್ಚುಕಟ್ಟಿನ ರೈತರೇ ಅವನಿಗೆ ಕಾಳು ಅಳೆದು ಕೊಡುತ್ತಿದ್ದರು. ಯೋಜನೆ ಮುಗಿದರೂ ಅಳತೆ ನಿಲ್ಲಬಾರದು ಎಂದಾದರೆ ಅಂತರ್ಜಲಕ್ಕೂ ಅಂಥ ಒಬ್ಬರು ಬೇಕು, ಅವರ ಸಂಬಳ ಪಂಚಾಯಿತಿಯ ಲೆಕ್ಕದಲ್ಲೇ ಇರಬೇಕು. ತಿಂಗಳಿಗೆ ಎರಡು ಸಲ, ಬೆಳಗಿನ ಜಾವ ವಿದ್ಯುತ್ ಬರುವ ಮೊದಲು, ಊರಿನ ಐದಾರು ಬೋರುಗಳಿಗೆ ಟೇಪು ಇಳಿಸಿ, ಸಿಕ್ಕ ಅಂಕಿಯನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಎಲ್ಲರೂ ಓದುವಂತೆ ದೊಡ್ಡ ಅಕ್ಷರದಲ್ಲಿ ಬರೆಯುವುದು ಅವರ ಕೆಲಸ.